ಬೆಲೆಯ ಪೈಪೋಟಿ, ಭಯದ ಪೈಪೋಟಿ

ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಪಾತ್ರೆಗೆ ಬೂದಿ, ಬಟ್ಟೆಗೆ ಅಂಟುವಾಳ, ತಲೆಗೆ ಸೀಗೆಪುಡಿ ಸಾಕಾಗುತ್ತಿತ್ತು. ಇಂದು ಕೈಗೊಂದು, ಮುಖಕ್ಕೊಂದು, ನೆಲಕ್ಕೊಂದು, ಗಾಜಿಗೊಂದು ದ್ರಾವಣ ಬೇಕು. ಈ ಬದಲಾವಣೆಯಲ್ಲಿ ಅಗತ್ಯದ ಪಾಲೆಷ್ಟು? ಮಾರುಕಟ್ಟೆಯ ಪಾಲೆಷ್ಟು?

ಇಂಗ್ಲೆಂಡಿನ ಸನ್‌ಲೈಟ್ ಸಾಬೂನು ಕಲ್ಕತ್ತಾ ಬಂದರಿಗೆ ಬಂದದ್ದು 1888ರಲ್ಲಿ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ಕುಸಿದಾಗ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಸಾಬೂನೂ ತಯಾರಾಯಿತು. 1959ರಲ್ಲಿ ಸರ್ಫ್ ಪುಡಿ ಬಂದಿತಾದರೂ ಅದರ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ತಾವೇ ತಯಾರಿಸಿದ ನಿರ್ಮಾ ಪುಡಿಯನ್ನು ಸೈಕಲ್ಲಿನಲ್ಲಿ ಮನೆಮನೆಗೆ ಒಯ್ದು, ಸರ್ಫ್‌ನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಬೆಲೆಗೆ ಮಾರಿದರು. ಕೊನೆಗೆ ಸರ್ಫ್ ತಯಾರಿಸುವ ಕಂಪೆನಿಯೇ ವ್ಹೀಲ್ ಎಂಬ ಅಗ್ಗದ ಪುಡಿಯನ್ನು ತರಬೇಕಾಯಿತು. ಬಟ್ಟೆ ಒಗೆಯುವ ತಾಯಂದಿರ ತೋಳುಗಳ ಶ್ರಮ ತಗ್ಗಿತು. ಇದು ಮಾರುಕಟ್ಟೆ ಮಾಡಿದ ಉಪಕಾರವೇ ಸರಿ; ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಮನೆಮನೆಗೂ ಸಾಬೂನು ತಲುಪಿದ ಮೇಲೆ ವ್ಯಾಪಾರ ಬೆಳೆಯುವುದು ಹೇಗೆ? ಒಂದು ಅಗತ್ಯವನ್ನು ಹತ್ತಾಗಿ ಸೀಳಬೇಕು. ಸಾಮಾನ್ಯ ಸಾಬೂನಿನಿಂದ ರೋಗಾಣುಗಳು ಹೋಗವೆಂದು ತಾಯಂದಿರನ್ನು ಹೆದರಿಸಬೇಕು. ಈ ಭಯಕ್ಕೆ ಆಧಾರವಿದೆಯೇ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳಿರುವ ರೋಗಾಣುನಾಶಕ ಸಾಬೂನುಗಳನ್ನು ಜನಬಳಕೆಗೆ ಮಾರದಂತೆ ತಡೆಯಿತು. ದಿನಬಳಕೆಗೆ ಅವು ಸುರಕ್ಷಿತವೆಂದಾಗಲಿ, ಸಾಮಾನ್ಯ ಸಾಬೂನು-ನೀರಿಗಿಂತ ಹೆಚ್ಚು ಪರಿಣಾಮಕಾರಿಯೆಂದಾಗಲಿ ತಯಾರಕರು ಸಾಬೀತುಪಡಿಸಿರಲಿಲ್ಲ ಎಂಬುದೇ ಅದಕ್ಕೆ ಕಾರಣ.

ಬೆಲೆಯಲ್ಲಿ ಪೈಪೋಟಿ ನಡೆದಾಗ ಕುಟುಂಬಕ್ಕೆ ಲಾಭವಾಯಿತು. ಭಯದಲ್ಲಿ ಪೈಪೋಟಿ ನಡೆದಾಗ ಕುಟುಂಬದ ಜೇಬು ಬರಿದಾಗುತ್ತದೆ. ಎಲ್ಲ ಹೊಸ ವಸ್ತುಗಳೂ ವ್ಯರ್ಥವೆಂದಲ್ಲ. ಶೌಚಾಲಯದ ಕಲೆ ತೆಗೆಯುವ ಆಮ್ಲಕ್ಕೆ ಅದರದೇ ಆದ ಕೆಲಸವಿದೆ. ಸಾಬೂನು ಅದನ್ನು ಮಾಡದು. ಆದರೆ ಕೈತೊಳೆಯಲು ಹತ್ತು ರೂಪಾಯಿಯ ಸಾಬೂನು ಸಾಕಾಗುವಲ್ಲಿ ನೂರು ರೂಪಾಯಿಯ ಬಾಟಲಿ ಏಕೆ?

ಶುಚಿತ್ವವನ್ನು ವಿಶ್ವಾಸದ ಭಾಗವೆಂದು ನಂಬಿರುವ ನಮಗೆ ಈ ಪ್ರಶ್ನೆ ಇನ್ನಷ್ಟು ಮುಖ್ಯ. ಶುಚಿತ್ವವನ್ನು ಖರ್ಚಿನಿಂದ ಅಳೆಯಲಾಗದು. ದುಂದುವೆಚ್ಚವು ಶುಚಿತ್ವದ ಹೆಸರಿನಲ್ಲಿ ನಡೆದರೂ ದುಂದುವೆಚ್ಚವೇ. ತಿಂಗಳ ಸಾಮಾನಿನ ಚೀಟಿಗೆ ಹೊಸ ಹೆಸರೊಂದನ್ನು ಸೇರಿಸುವ ಮುನ್ನ ಮನೆಮಂದಿ ಕೂಡಿ ಒಂದು ಮಾತು ಕೇಳಿಕೊಳ್ಳಲಿ: ಇದು ಮಾಡುವ ಕೆಲಸವನ್ನು ಮನೆಯಲ್ಲಿರುವ ಯಾವುದು ಈಗಾಗಲೇ ಮಾಡುತ್ತಿದೆ?