ಸೀಟು ಯಾವುದು ಎಂದು ಮೊದಲು ಕೇಳಿ

ಕೃಷಿ ಎಂಜಿನಿಯರಿಂಗ್ ಓದಿದರೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ ಎಂಬ ವಾದ, ಖಾಸಗಿ ಕಾಲೇಜಿನ ಲಕ್ಷಗಟ್ಟಲೆ ಶುಲ್ಕದ ಮಟ್ಟಿಗೆ ಸರಿ. ಬೆಂಗಳೂರು, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸಿಇಟಿ ಮೂಲಕ ಸಿಗುವ ಸರ್ಕಾರಿ ಸೀಟನ್ನೂ ಅದರ ಜೊತೆಗೇ ತೂಗುವುದು ತಪ್ಪು. ಕೆಲಸವೆಲ್ಲಿ ಎನ್ನುವವರು ಅಜ್ಜಂಪುರದ ಸುರಂಗ ನೋಡಲಿ: ತರೀಕೆರೆ ಕಡೆಯಿಂದ ನೀರೆತ್ತಿ ಅದರ ಮೂಲಕ ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯ ಗುರಿ 2.25 ಲಕ್ಷ ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ. ಕಡೂರಿನ ತೆಂಗಿನ ಬುಡಕ್ಕೂ ಅಜ್ಜಂಪುರದ ಈರುಳ್ಳಿ ಮಡಿಗೂ ಬೇಕಾದ ಪೈಪಿನ ಅಳತೆ, ನೀರಿನ ಒತ್ತಡ ಒಂದೇ ಅಲ್ಲ. ಆ ಲೆಕ್ಕವೇ ಈ ಪದವಿಯ ಪಾಠ. ಸರ್ಕಾರಿ ಹುದ್ದೆ ಕಡಿಮೆ, ನಿಜ. (ಭದ್ರಾ ಯೋಜನೆಯ ಕಾಮಗಾರಿಯೂ ಕುಂಟುತ್ತಿದೆ.) ಆದರೆ ಹನಿ ನೀರಾವರಿ ಕಂಪನಿ, ಟ್ರ್ಯಾಕ್ಟರ್ ಉದ್ಯಮ, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ ಲೆಕ್ಕಕ್ಕಿಲ್ಲವೇ? ಸರ್ಕಾರಿ ಸೀಟು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ತೋಟ ಅಡವಿಟ್ಟು ಖಾಸಗಿಗೆ ಸೇರಬೇಡಿ.