ಸ್ಕೋರ್ ಪುಸ್ತಕ ಕೊಟ್ಟಿಗೆಗೂ ಬರಲಿ



ಕೆಚ್ಚಲು ಬಾವು, ಜಂತುಹುಳು, ಖನಿಜ ಮಿಶ್ರಣ ಅಂತ ಬರೆಯುವ ನಾನು ಈ ಸಲ ಕ್ರಿಕೆಟ್ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಸುತ್ತಿ ಬಳಸಿ ಕೊನೆಗೆ ನಿಮ್ಮ ಕೊಟ್ಟಿಗೆಗೇ ಬರುತ್ತೇನೆ.

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಒಂದು ಊರಿನಿಂದ ತುರ್ತು ಕರೆ ಬಂತು. ಮದುವೆ ಮನೆಯಲ್ಲಿ ಉಳಿದಿದ್ದ ಅನ್ನವನ್ನು ಹಸುವಿಗೆ ಹಾಕಿದ್ದರು, ಹೊಟ್ಟೆ ಉಬ್ಬರಿಸಿಕೊಂಡು ನಿಂತಿತ್ತು. ಚಿಕಿತ್ಸೆ ಕೊಟ್ಟ ಮೇಲೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿಯೇ ಹೊರಡೋಣ ಎಂದುಕೊಂಡೆ. ಅಷ್ಟು ಹೊತ್ತು ಏನು ಮಾಡುವುದು? ಊರ ಮುಂದಿನ ಕೆರೆ ಬತ್ತಿತ್ತು. ಕೆರೆ ಅಂಗಳದಲ್ಲಿ ಶಾಮಿಯಾನ, ಮೈಕು, ಸುಣ್ಣದ ಗೆರೆ. ಸುತ್ತಲಿನ ಆರು ಊರುಗಳ ಹುಡುಗರು ಸೇರಿ ಭಾನುವಾರ ಭಾನುವಾರ ಆಡುವ ಲೀಗ್ ಅದು. ಪ್ರತಿ ತಂಡವೂ ಉಳಿದ ಐದು ತಂಡಗಳ ಜೊತೆ ಒಂದೊಂದು ಪಂದ್ಯ ಆಡಬೇಕು. ಗೆದ್ದರೆ ಎರಡು ಅಂಕ, ಸಮ ಆದರೆ ಒಂದು, ಸೋತರೆ ಸೊನ್ನೆ. ಹೆಚ್ಚು ಅಂಕ ಪಡೆದ ಎರಡು ತಂಡಗಳಿಗೆ ಫೈನಲ್. ಬಹುಮಾನ ಒಂದು ಕಪ್ಪು, ಜೊತೆಗೆ ಒಂದು ಟಗರು.

ಶಾಮಿಯಾನದ ಕೆಳಗೆ ಸ್ಕೋರ್ ಬರೆಯುವವರ ಪಕ್ಕ ನನಗೊಂದು ಕುರ್ಚಿ ಹಾಕಿದರು. ಎರಡೂ ತಂಡಗಳಿಗೆ ಬೇರೆ ಬೇರೆ ಪುಸ್ತಕ. ಆ ಊರಿನ ತಂಡಕ್ಕೆ ಬರೆಯುತ್ತಿದ್ದವಳು ಒಂಬತ್ತನೇ ಕ್ಲಾಸಿನ ಹುಡುಗಿ, ಆಟಗಾರನೊಬ್ಬನ ತಂಗಿ. ಅವಳನ್ನು ನೋಡಿ ನನಗೆ ನನ್ನದೇ ನೆನಪಾಯಿತು. ಆರನೇ ಕ್ಲಾಸಿನಲ್ಲಿದ್ದಾಗ ನಾನೂ ನಮ್ಮಣ್ಣನ ತಂಡಕ್ಕೆ ಸ್ಕೋರ್ ಬರೆಯುತ್ತಿದ್ದೆ. ಆಡಲು ಸೇರಿಸುತ್ತಿರಲಿಲ್ಲ. ಅಕ್ಷರ ದುಂಡಗಿದೆ ಅಂತ ಪುಸ್ತಕ ಕೈಗೆ ಕೊಟ್ಟಿದ್ದರು.

ಎಂಟು ಓವರ್‌ಗಳ ಪಂದ್ಯ. ಎದುರು ತಂಡ ಮೊದಲು ಆಡಿ 71 ರನ್ ಮಾಡಿತ್ತು. ಈ ಊರಿನ ಹುಡುಗರು ಕೊನೆಯ ಚೆಂಡಿನವರೆಗೂ ಎಳೆದುಕೊಂಡು ಹೋದರು. ಕೊನೆಯ ಚೆಂಡಿಗೆ ಒಂದು ರನ್ ಓಡಿದರು, ಎರಡನೆಯದಕ್ಕೆ ಓಡುವಾಗ ಆ ಹುಡುಗಿಯ ಅಣ್ಣನೇ ರನ್ ಔಟ್. ಇವರ ಪುಸ್ತಕದಲ್ಲಿ 71, ಅಂದರೆ ಪಂದ್ಯ ಸಮ. ಅವರ ಪುಸ್ತಕದಲ್ಲಿ 70, ಅಂದರೆ ಈ ಊರಿಗೆ ಒಂದು ರನ್ನಿನ ಸೋಲು. ಗಲಾಟೆ ಶುರುವಾಯಿತು. ಇನ್ನೇನು ಕೈ ಕೈ ಹತ್ತಬೇಕು, ಅಷ್ಟರಲ್ಲಿ ಅಂಪೈರ್ ಆಗಿದ್ದ ಮೇಷ್ಟ್ರು ಎರಡೂ ಪುಸ್ತಕ ತರಿಸಿ ಒಂದೊಂದೇ ಚೆಂಡು ಓದಿಸಿದರು. ಐದನೇ ಓವರ್‌ನ ಒಂದು ವೈಡ್ ಈ ಹುಡುಗಿಯ ಪುಸ್ತಕದಲ್ಲಿ ಎರಡು ಸಲ ಕೂಡಿತ್ತು. ಅವಳೇ ಬೆರಳಿಟ್ಟು ತೋರಿಸಿ, "ಹೌದು ಸರ್, ನಂದೇ ತಪ್ಪು" ಅಂದಳು. ಮುಖ ಸಪ್ಪಗಾದರೂ ಹುಡುಗರು ಒಪ್ಪಿದರು. ಸಿಗುತ್ತಿದ್ದ ಒಂದು ಅಂಕ ಹೋಯಿತು. ಬರೆದದ್ದು ಕಣ್ಣ ಮುಂದಿದ್ದರಿಂದ ಜಗಳವೂ ಹೋಯಿತು.

ನಾನು ಆ ಹಸುವನ್ನು ಮತ್ತೊಮ್ಮೆ ನೋಡಿಕೊಂಡು ಮಧ್ಯಾಹ್ನ ಹೊರಟೆ.

ಮಾರನೇ ದಿನ, ಸೋಮವಾರ, ಅದೇ ಊರಿನಿಂದ ಇನ್ನೊಂದು ಕರೆ. ಹಸು ಬೆದೆಗೆ ಬಂದಿದೆ, ಇಂಜೆಕ್ಷನ್ ಹಾಕಬೇಕು ಅಂತ. ಅಲ್ಲಿನ ಕೃತಕ ಗರ್ಭಧಾರಣೆ ಕಾರ್ಯಕರ್ತ ಆ ದಿನ ರಜೆಯಲ್ಲಿದ್ದುದರಿಂದ ನಾನೇ ಹೋದೆ. ತಲುಪಿದಾಗ ಬೆಳಿಗ್ಗೆ 11 ಗಂಟೆ. ಒಳ್ಳೆಯ ಎಚ್‌ಎಫ್ ಮಿಶ್ರತಳಿ ಹಸು, ಕರು ಹಾಕಿ ಮೂರು ತಿಂಗಳು. ಬಾಲಕ್ಕೆ ಅಂಟಿದ್ದ ಲೋಳೆ ಒಣಗಿತ್ತು. ಪರೀಕ್ಷೆ ಮಾಡಿದೆ. ಬೆದೆ ಮುಗಿದಿತ್ತು.

"ಯಾವಾಗ ಕಾಣಿಸ್ತು ಅಕ್ಕಾ?" ಅಂದೆ.

"ನಿನ್ನೆ ಬೆಳಗ್ಗೆ ಐದೂವರೆಗೆ ಹಾಲು ಕರೆಯೋವಾಗ್ಲೇ ನೋಡ್ದೆ ಡಾಕ್ಟ್ರಮ್ಮ. ಕೂಗ್ತಿತ್ತು, ಹಾಲೂ ಕಮ್ಮಿ ಕೊಡ್ತು. ಫೋನ್ ಮಾಡಪ್ಪಾ ಅಂತ ಮಗನಿಗೆ ಹೇಳ್ದೆ. ಮಾಡ್ತೀನಿ ಬಿಡವ್ವ ಅಂದೋನು ಮ್ಯಾಚಿಗೆ ಹೋದ. ಫೋನು ಅವನ ಜೋಬಲ್ಲೇ ಹೋಯ್ತು. ರಾತ್ರಿ ಮಲಗೋ ಹೊತ್ತಿಗೆ ಜ್ಞಾಪಿಸ್ಕೊಂಡ."

ಆಗ ಒಳಗಿನಿಂದ ನೀರು ತಂದುಕೊಟ್ಟವಳು ಅದೇ ಸ್ಕೋರ್ ಬರೆದ ಹುಡುಗಿ. ರನ್ ಔಟ್ ಆದವನು ಈ ಮನೆಯ ಮಗ. ನಾನು ಭಾನುವಾರ ಇಡೀ ಬೆಳಿಗ್ಗೆ ಆ ಕೊಟ್ಟಿಗೆಯಿಂದ ಎರಡು ಬೀದಿ ಆಚೆ, ಆ ಮನೆಯ ಮಗಳ ಪಕ್ಕದ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆ! ಯಾರಾದರೂ ಒಂದು ಮಾತು ಹೇಳಿದ್ದರೆ ಆ ದಿನ ಸಂಜೆಗೆ ಏರ್ಪಾಡು ಮಾಡಿಯೇ ಹೋಗುತ್ತಿದ್ದೆ. ತಾಯಿ ಹೇಳಿದ್ದು ಮಗನಿಗೆ ಮಾತ್ರ, ಮಗನ ತಲೆಯಲ್ಲಿ ಇದ್ದದ್ದು ಪಂದ್ಯ ಮಾತ್ರ.

ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಇರುತ್ತದೆ. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಆಗಬೇಕು. ತಪ್ಪಿದರೆ ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು. ಹಸುವಿನ ಮೇವು, ಹಿಂಡಿಗೆ ದಿನಕ್ಕೆ 150 ರೂಪಾಯಿ ಎಂದೇ ಇಟ್ಟುಕೊಳ್ಳಿ, 21 ದಿನಕ್ಕೆ 3,150 ರೂಪಾಯಿ. ಮುಂದಿನ ಸೂಲು ಅಷ್ಟು ದಿನ ಹಿಂದಕ್ಕೆ ಹೋಗುತ್ತದೆ. ಕರು ಹಾಕಿದ ಹೊಸತರಲ್ಲಿ ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಾದರೆ 210 ಲೀಟರ್ ಹಾಲು ಡೇರಿಗೆ ತಡವಾಗಿ ಬರುತ್ತದೆ. ಆ ಹಾಲಿನ ಬಟವಾಡೆಯೂ ತಡ, ಅದನ್ನು ನಂಬಿದ ಶಾಲೆ ಫೀಸು, ಸಂಘದ ಕಂತು ಎಲ್ಲವೂ ತಡ.

ಪಕ್ಕದ ಮನೆಯ ಅಜ್ಜಿ ಅಲ್ಲೇ ನಿಂತಿದ್ದರು. "ಈ ಹಾಳು ಕ್ರಿಕೆಟ್ಟಿಂದ ಹುಡುಗ್ರು ಕೆಟ್ಟೋದ್ರು, ನೀವಾದ್ರೂ ಬರೀರಿ ಡಾಕ್ಟ್ರಮ್ಮ" ಅಂದರು. ಬರೆಯುತ್ತಿದ್ದೇನೆ. ಆದರೆ ಅಜ್ಜಿಯ ಮಾತನ್ನು ನಾನು ಒಪ್ಪುವುದಿಲ್ಲ.

ವಾರವಿಡೀ ಹೊಲ, ಕೆಲಸ, ಕಾಲೇಜು ಅಂತ ಓಡಾಡಿದ ಹುಡುಗರು ಭಾನುವಾರ ಕೆರೆ ಅಂಗಳದಲ್ಲಿ ಆಡಿದರೆ ತಪ್ಪೇನು? ಆರು ಊರುಗಳ ಪಂದ್ಯವನ್ನು ಹೊಂದಿಸಿ, ದುಡ್ಡು ಕೂಡಿಸಿ, ಲೆಕ್ಕ ಇಟ್ಟು, ಸೋತಾಗ ಸೋತೆವು ಎಂದು ಒಪ್ಪುವುದು ಸಣ್ಣ ಕೆಲಸವಲ್ಲ. ನಮ್ಮ ಎಷ್ಟೋ ಸಭೆಗಳಲ್ಲಿ ಅಷ್ಟು ಶಿಸ್ತು ಕಾಣುವುದಿಲ್ಲ. ಮಗ ಮರೆತದ್ದು ತಪ್ಪು, ನಿಜ. ಆದರೆ ಕ್ರಿಕೆಟ್ ಇಲ್ಲದಿದ್ದರೆ ಜಾತ್ರೆ ಇರುತ್ತಿತ್ತು, ಮದುವೆ ಇರುತ್ತಿತ್ತು, ಆಗಲೂ ಮರೆಯುತ್ತಿದ್ದ. ದೊಡ್ಡ ತಪ್ಪು ಬೇರೆ ಕಡೆ ಇದೆ. ಹಸುವಿನ ಬೆದೆ ನೋಡುವವರು ನೀವು, ಫೋನ್ ಇರುವುದು ಇನ್ನೊಬ್ಬರ ಜೋಬಿನಲ್ಲಿ. ಹಸುವಿನ ಲೆಕ್ಕ ಇರುವುದು ನಿಮ್ಮ ನೆನಪಿನಲ್ಲಿ, ಪುಸ್ತಕದಲ್ಲಿ ಅಲ್ಲ.

ಆ ಅಕ್ಕನನ್ನು ಹಿಂದಿನ ಬೆದೆ ಯಾವಾಗ ಬಂದಿತ್ತು ಎಂದು ಕೇಳಿದೆ. "ಯುಗಾದಿ ಹೊತ್ತಿಗೆ ಬಂದಂಗಿತ್ತು, ಹಬ್ಬಕ್ಕೆ ಮುಂಚೆನೋ ಆಮೇಲೋ ಸರಿಯಾಗಿ ಗೊತ್ತಿಲ್ಲ" ಅಂದರು. ಅದೇ ಮನೆಯ ಮಗಳು ಐದನೇ ಓವರ್‌ನ ಯಾವ ಚೆಂಡು ವೈಡ್ ಎಂದು ತೋರಿಸಬಲ್ಲಳು. ಒಂದು ರನ್ನಿಗೆ ಪುಸ್ತಕ ಇದೆ, ಮನೆ ನಡೆಸುವ ಹಸುವಿಗೆ ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ಆಟ ನಿಲ್ಲಿಸುವುದು ಬೇಡ, ಸ್ಕೋರ್ ಪುಸ್ತಕ ಕೊಟ್ಟಿಗೆಗೂ ಬರಲಿ. ಅದು ನಿಮ್ಮ ಕೈಯಲ್ಲಿರಲಿ.

"ನಮಗೆ ಬರೆಯೋಕೆ ಬರಲ್ಲ ಡಾಕ್ಟ್ರಮ್ಮ" ಅಂತ ಕೆಲವರು ಹೇಳುತ್ತೀರಿ. ಸ್ಕೋರ್ ಪುಸ್ತಕ ನೋಡಿ. ಅಲ್ಲಿ ವಾಕ್ಯಗಳೇ ಇಲ್ಲ. ರನ್ ಇಲ್ಲದ ಚೆಂಡಿಗೆ ಒಂದು ಚುಕ್ಕಿ, ಉಳಿದದ್ದಕ್ಕೆ ಅಂಕಿ, ಗುರುತು. ನೀವೂ ಹಾಗೇ ಮಾಡಿ. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಬೆದೆ ಕಂಡ ದಿನಕ್ಕೆ ಒಂದು ಸೊನ್ನೆ. ಇಂಜೆಕ್ಷನ್ ಹಾಕಿಸಿದ ದಿನ ಸೊನ್ನೆಯೊಳಗೆ ಒಂದು ಗೀಟು. ಕರು ಹಾಕಿದ ದಿನಕ್ಕೆ ಒಂದು ನಕ್ಷತ್ರ. ಎರಡು ಹಸು ಇದ್ದರೆ ಎರಡು ಬಣ್ಣದ ಪೆನ್ನು.

ಇನ್ನೊಂದು ಸುಲಭದ ಲೆಕ್ಕ. 21 ದಿನ ಅಂದರೆ ಸರಿಯಾಗಿ ಮೂರು ವಾರ. ಈ ಭಾನುವಾರ ಬೆದೆಗೆ ಬಂದ ಹಸು ಗಬ್ಬ ನಿಲ್ಲದಿದ್ದರೆ ಮೂರನೇ ಭಾನುವಾರದ ಆಸುಪಾಸಿನಲ್ಲಿ ಮತ್ತೆ ಬರಬೇಕು. ಕ್ಯಾಲೆಂಡರಿನಲ್ಲಿ ಅದೇ ಸಾಲಿನಲ್ಲಿ ಮೂರು ಮನೆ ಮುಂದೆ ಎಣಿಸಿ. ಕೆಲವು ಹಸು 18 ದಿನಕ್ಕೇ ಬರುತ್ತವೆ, ಕೆಲವು 24ಕ್ಕೆ. ಆದ್ದರಿಂದ ಆ ಭಾನುವಾರದ ಹಿಂದಿನ ಗುರುವಾರದಿಂದ ಮುಂದಿನ ಬುಧವಾರದವರೆಗೆ ಬೆಳಿಗ್ಗೆ ಹಾಲು ಕರೆಯುವಾಗ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ. ಬೇಸಿಗೆಯಲ್ಲಿ ಕೆಲವು ಹಸುಗಳು ಕೂಗುವುದಿಲ್ಲ, ಲೋಳೆ ಮಾತ್ರ ಹಾಕುತ್ತವೆ. ಬೆದೆ ಕಾಣದಿದ್ದರೂ ಗಬ್ಬ ನಿಂತಿದೆ ಎಂದು ನಂಬಿ ಕೂರಬೇಡಿ. ಇಂಜೆಕ್ಷನ್ ಆಗಿ ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ. ಗಬ್ಬ ನಿಂತಿದ್ದರೆ ಇಂಜೆಕ್ಷನ್ ದಿನದಿಂದ ಒಂಬತ್ತು ತಿಂಗಳು ಒಂಬತ್ತು ದಿನ ಎಣಿಸಿ. ಅದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ. ಗೀಟು ಹಾಕಿದ ಆ ಒಂದು ದಿನ ಗೊತ್ತಿದ್ದರೆ ಇವೆಲ್ಲ ತಾವಾಗಿಯೇ ಸಿಗುತ್ತವೆ.

ಇನ್ನು ಫೋನಿನ ಮಾತು. ಡಾಕ್ಟರ್ ನಂಬರ್, ಕೃತಕ ಗರ್ಭಧಾರಣೆ ಕಾರ್ಯಕರ್ತರ ನಂಬರ್, ಸಂಘದ ಕಾರ್ಯದರ್ಶಿಯ ನಂಬರ್ ಈ ಮೂರನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಮನೆಯಲ್ಲಿ ಒಂದೇ ಫೋನ್ ಇದ್ದರೆ, ಅದು ಹೊರಗೆ ಹೋಗುವ ಮುಂಚೆ ಕರೆ ಆಗಲಿ. ಇಲ್ಲವೇ ಪಕ್ಕದ ಮನೆಯ ಫೋನ್ ಕೇಳಿ. ಅದೂ ಇಲ್ಲದಿದ್ದರೆ ಬೆಳಿಗ್ಗೆ ಹೇಗೂ ಹಾಲು ಹಾಕಲು ಡೇರಿಗೆ ಹೋಗುತ್ತೀರಿ, ಅಲ್ಲಿ ಹೇಳಿ. ಮಾತಾಡಲು ಸಂಕೋಚ ಬೇಡ. ಬೆದೆ ಅಂತ ಹೇಳಲು ನಾಚಿಕೊಂಡು ಮಗನ ಕೈಯಲ್ಲಿ ಹೇಳಿಸುವವರು ಈಗಲೂ ಇದ್ದಾರೆ. ಎಷ್ಟು ಹೊತ್ತಿಗೆ ಕಂಡಿತು, ಲೋಳೆ ಹೇಗಿತ್ತು ಎಂದು ನಾವು ಕೇಳಿದರೆ ಮಗನಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ.

ನನ್ನ ತಪ್ಪನ್ನೂ ಹೇಳಬೇಕು. ಆ ದಿನ ಮನೆಗೆ ಬಂದು ನನ್ನ ದಿನಚರಿ ತೆಗೆದು ನೋಡಿದೆ. ಸದಸ್ಯೆಯರ ಹೆಸರಿನ ಮುಂದೆ ನಾನೇ ಬರೆದುಕೊಂಡಿದ್ದ ನಂಬರ್‌ಗಳಲ್ಲಿ ಬಹುತೇಕ ಗಂಡನದು, ಮಗನದು, ಮೈದುನನದು. ಹಾಲು ನಿಮ್ಮ ಹೆಸರಿನಲ್ಲಿ, ನಂಬರ್ ಅವರದು. ಅಂದಿನಿಂದ ಯಾವ ಮನೆಗೆ ಹೋದರೂ, "ನಿಮ್ಮ ಕೈಗೆ ಸಿಗುವ ಫೋನ್ ಯಾವುದು ಅಕ್ಕಾ?" ಎಂದು ಕೇಳಿ ತಿದ್ದಿಕೊಳ್ಳುತ್ತಿದ್ದೇನೆ. ನಿಮ್ಮ ಸಂಘದ ಪುಸ್ತಕದಲ್ಲಿ ಯಾರ ನಂಬರ್ ಇದೆ ಎಂದು ನೀವೂ ಒಮ್ಮೆ ನೋಡಿಸಿ.

ಕ್ರಿಕೆಟ್ ಗಂಡುಹುಡುಗರ ಆಟ, ನಮಗ್ಯಾಕೆ ಎನ್ನುವವರಿಗೆ ಒಂದು ಮಾತು. ಭಾರತದ ಹೆಣ್ಣುಮಕ್ಕಳು ಮೊದಲ ಟೆಸ್ಟ್ ಪಂದ್ಯ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ಎದುರು. ನಾಯಕಿ ಕರ್ನಾಟಕಕ್ಕೆ ಆಡುತ್ತಿದ್ದ ಶಾಂತಾ ರಂಗಸ್ವಾಮಿ. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಏಕದಿನ ವಿಶ್ವಕಪ್ ಗೆದ್ದರು. ಆದ್ದರಿಂದ ಹುಲ್ಲಿನ ಹೊರೆ ಇಳಿಸಿ ಕೆರೆ ಏರಿಯ ಮೇಲೆ ಒಂದು ಗಳಿಗೆ ಕೂತು ಆಟ ನೋಡಲು ಯಾರ ಅಪ್ಪಣೆಯೂ ಬೇಡ.

ಹುಡುಗರು ಕಪ್ಪಿಗೆ ಚಂದಾ ಕೇಳಲು ಸಂಘಕ್ಕೆ ಬಂದರೆ ಕೊಡಿ. ಕೊಡುವಾಗ ಎರಡು ಷರತ್ತು ಹಾಕಿ. ಒಂದು, ಸಂಜೆ ಹಾಲು ಕರೆಯುವ ಹೊತ್ತಿಗೆ ಆಟ ಮುಗಿಯಬೇಕು. ಎರಡು, ಕಾಲುಬಾಯಿ ಜ್ವರದ ಲಸಿಕೆ ದಿನಾಂಕ, ಡಾಕ್ಟರ್ ಬರುವ ದಿನ ಇವನ್ನೂ ಅದೇ ಮೈಕಿನಲ್ಲಿ ಹೇಳಬೇಕು. ಇಡೀ ಊರು ಕಿವಿಗೊಡುವ ಮೈಕು ಅದು.

ಆ ಹಸುವಿನ ಕಥೆ ಏನಾಯಿತು ಎಂದು ಕೇಳುತ್ತೀರಿ. ಸೋಮವಾರ ನಾನು ಹೊರಡುವಾಗ ಆ ಹುಡುಗಿ ಕ್ಯಾಲೆಂಡರ್ ತಂದು ಹಿಂದಿನ ದಿನಕ್ಕೆ ಸೊನ್ನೆ ಹಾಕಿ, ಮೂರು ಮನೆ ಎಣಿಸಿ ಅಮ್ಮನಿಗೆ ತೋರಿಸಿದಳು. ಮೂರನೇ ವಾರದ ಶನಿವಾರ ಸಂಜೆ ಪಕ್ಕದ ಮನೆಯ ಫೋನಿನಿಂದ ಆ ಅಕ್ಕ ತಾವೇ ಕರೆ ಮಾಡಿದರು. "ಈಗ ಆರು ಗಂಟೆಗೆ ಕಾಣಿಸ್ತು, ನಾಳೆ ಬೆಳಗ್ಗೆ ಕಳಿಸ್ತೀರಾ?" ಅಷ್ಟೇ ಮಾತು. ಭಾನುವಾರ ಬೆಳಿಗ್ಗೆ, ಪಂದ್ಯ ಶುರುವಾಗುವ ಮುಂಚೆಯೇ, ಕಾರ್ಯಕರ್ತರು ಹೋಗಿ ಇಂಜೆಕ್ಷನ್ ಹಾಕಿ ಬಂದರು. ಹಸು ಹಿಡಿದುಕೊಂಡವನು ಮಗನೇ ಅಂತೆ.

ಗಬ್ಬ ಪರೀಕ್ಷೆಯ ದಿನ ಇನ್ನೂ ಬಂದಿಲ್ಲ. ಬಂದಾಗ ಯಾವ ದಿನ ಅಂತ ಆ ಅಕ್ಕನನ್ನು ಕೇಳಬೇಕಿಲ್ಲ, ಗೋಡೆಯ ಮೇಲೆ ಬರೆದಿದೆ. ನಿಮ್ಮ ಗೋಡೆಯ ಮೇಲೂ ಬರೆಯಿರಿ, ಇವತ್ತೇ.