ಮನೆಯೊಡೆಯನ ದಿವಾಳಿ, ಬಾಡಿಗೆದಾರನ ಚಿಂತೆ

ಸಾಲ ತೀರಿಸಲಾರದ ವ್ಯಾಪಾರಿಯು ಹಿಂದಿನ ಕಾಲದಲ್ಲಿ ಹಾಡುಹಗಲಲ್ಲೇ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದನಂತೆ. ‘ದಿವಾಳಿ’ ಎಂಬ ಮಾತು ಆ ದೀಪದಿಂದಲೇ ಹುಟ್ಟಿತೆಂದು ಹಿರಿಯರು ಹೇಳುವುದುಂಟು. ಈಗ ದೀಪವಿಲ್ಲ, ಬಾಗಿಲಿಗೆ ಅಂಟಿಸಿದ ನೋಟೀಸು ಇದೆ. ಅದನ್ನು ಮೊದಲು ಕಾಣುವವನು ಅನೇಕ ಸಲ ಸಾಲ ಮಾಡಿದವನಲ್ಲ, ಆ ಮನೆಯಲ್ಲಿ ಬಾಡಿಗೆಗೆ ಇರುವವನು.

ಮಕ್ಕಳ ಓದಿಗಾಗಿ ಸೊಲ್ಲಾಪುರದಲ್ಲಿ ಮನೆ ಹಿಡಿದಿರುವ ಅಕ್ಕಲಕೋಟೆ ತಾಲೂಕಿನ ಕುಟುಂಬಗಳು ಕಡಿಮೆಯಲ್ಲ. ಅಂಥ ಒಂದು ಮನೆಯ ತಾಯಿಯವರು ನಮಗೆ ಕೇಳಿದ್ದಾರೆ: “ಒಡೆಯರು ಬ್ಯಾಂಕಿನ ಸಾಲ ಕಟ್ಟಿಲ್ಲವೆಂದು ನೋಟೀಸು ಹಚ್ಚಿ ಹೋಗಿದ್ದಾರೆ. ನಾವು ಒಂದು ತಿಂಗಳೂ ತಪ್ಪದೆ ಬಾಡಿಗೆ ಕೊಟ್ಟವರು. ನಮ್ಮನ್ನು ಹೊರಗೆ ಹಾಕುವರೇ? ನಮ್ಮ ಡಿಪಾಜಿಟ್ಟು ಏನಾಗುವುದು?”

ಮನೆಯನ್ನು ಅಡವಿಟ್ಟು ಪಡೆದ ಸಾಲವು ಕೆಟ್ಟಾಗ, ಜನರು ‘ಸರ್ಫೇಸಿ’ ಎನ್ನುವ 2002ರ ಕಾಯಿದೆಯಂತೆ, ಬ್ಯಾಂಕು ದಾವೆ ಹೂಡದೆಯೇ 60 ದಿನಗಳ ನೋಟೀಸು ಕೊಟ್ಟು, ಬಳಿಕ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಮಾಡಬಹುದು. ಸಾಗುವಳಿಯ ಜಮೀನು ಮಾತ್ರ ಈ ಕಾಯಿದೆಗೆ ಹೊರತು. ಇಲ್ಲಿ ಬಾಡಿಗೆದಾರನು ಸಜ್ಜನನೇ, ಬಾಡಿಗೆ ಸರಿಯಾಗಿ ಕೊಟ್ಟವನೇ ಎಂದು ಯಾರೂ ಮೊದಲು ಕೇಳುವುದಿಲ್ಲ. ಅವನ ಹಕ್ಕು ಯಾವ ದಿನ ಹುಟ್ಟಿತು, ಯಾವ ಕಾಗದದಿಂದ ಹುಟ್ಟಿತು ಎಂದು ಕೇಳುತ್ತಾರೆ. ಅಡವಿಗಿಂತ ಮೊದಲೇ ನೋಂದಾಯಿತ ಕರಾರಿನಿಂದ ಹುಟ್ಟಿದ್ದರೆ ಕರಾರಿನ ಅವಧಿಯವರೆಗೆ ಬ್ಯಾಂಕು ಅದನ್ನು ಮನ್ನಿಸಬೇಕು. ಅಡವಿನ ನಂತರ ಹುಟ್ಟಿದ್ದರೆ, ಅಡವಿನ ಪತ್ರದ ಷರತ್ತುಗಳಿಗೆ ಅದು ವಿರುದ್ಧವೇ ಎಂದು ನೋಡುತ್ತಾರೆ. 60 ದಿನಗಳ ನೋಟೀಸು ಬಂದ ಮೇಲಂತೂ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಒಡೆಯನು ಹೊಸಬರಿಗೆ ಮನೆ ಕೊಡುವಂತೆಯೇ ಇಲ್ಲ. ನೋಂದಣಿಯಿಲ್ಲದ ಬಾಡಿಗೆಯನ್ನು ತೋರಿಸಿ ವರ್ಷಕ್ಕೆ ಮೀರಿದ ಅವಧಿಯನ್ನು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ.

ಹನ್ನೊಂದು ತಿಂಗಳ ಕರಾರು ಎಂಬ ನಮ್ಮ ಜನರ ಜಾಣತನದ ಮಾತನ್ನು ಇಲ್ಲಿಯೇ ಹೇಳಬೇಕು. ವರ್ಷದೊಳಗಿನದಕ್ಕೆ ನೋಂದಣಿ ಬೇಡವೆಂದು ಸ್ಟಾಂಪು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಡುವುದು ರೂಢಿ. ಪಾಲಕರು ನಮ್ಮ ಮುಂದೆ ತಂದಿಟ್ಟ ಇಂಥ ಕಾಗದಗಳನ್ನು ನಾವು ಎಷ್ಟೋ ನೋಡಿದ್ದೇವೆ. ಆದರೆ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯು ಎಂಥ ಬಾಡಿಗೆ ಕರಾರೇ ಆಗಲಿ ಲಿಖಿತವಾಗಿರಬೇಕು, ನೋಂದಣಿಯಾಗಬೇಕು ಎನ್ನುತ್ತದೆ; ನೋಂದಣಿ ಮಾಡಿಸುವ ಹೊಣೆಯನ್ನು ಒಡೆಯನ ಮೇಲೆಯೇ ಇರಿಸಿದೆ. “ನೋಂದಣಿ ಮಾಡಿಸಿರಿ” ಎಂದು ಕೇಳಲು ಬಾಡಿಗೆದಾರನು ಸಂಕೋಚಪಡಬೇಕಾದುದಿಲ್ಲ.

ಇನ್ನು ಡಿಪಾಜಿಟ್ಟು. ಅದು ಒಡೆಯನ ಮೇಲಿನ ಬರಿಯ ಸಾಲ. ಅವನು ದಿವಾಳಿಯಾದರೆ, ಅಡವಿಲ್ಲದೆ ಕೈಗಡ ಕೊಟ್ಟವರ ಜೊತೆಯಲ್ಲಿ ಬಾಡಿಗೆದಾರನೂ ನಿಲ್ಲಬೇಕು. ಆದಕಾರಣ ರಸೀದಿಯಿಲ್ಲದೆ ಹಣ ಕೊಡಬಾರದು.

ದಿವಾಳಿ ಅರ್ಜಿ ಹಾಕಿದರೆ ಬ್ಯಾಂಕು ಮನೆಯನ್ನು ಮುಟ್ಟಲಾರದೆಂಬ ನಂಬಿಕೆ ಒಡೆಯರಲ್ಲಿ ಬಲವಾಗಿದೆ. ಇದು ತಪ್ಪು. 2016ರ ಹೊಸ ದಿವಾಳಿ ಸಂಹಿತೆಯ ವ್ಯಕ್ತಿಗತ ಭಾಗವು 1 ಡಿಸೆಂಬರ್ 2019ರಿಂದ ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗಷ್ಟೇ ಜಾರಿಯಾಗಿದೆ. ನಮ್ಮಂಥ ಉಳಿದವರಿಗೆ ಇಂದಿಗೂ 1920ರ ಕಾಯಿದೆಯೇ. 500 ರೂಪಾಯಿ ಸಾಲವಿದ್ದವನೂ ಅರ್ಜಿ ಹಾಕಬಹುದೆಂಬ ಅದರ ಮಾತನ್ನು ಓದಿದರೆ ಆ ಕಾಲದ ರೂಪಾಯಿಯ ಬೆಲೆ ತಿಳಿಯುತ್ತದೆ! ನ್ಯಾಯಾಲಯವು ದಿವಾಳಿ ಎಂದು ಸಾರಿದಾಗ ಆಸ್ತಿಯು ನ್ಯಾಯಾಲಯದ ಅಥವಾ ರಿಸೀವರರ ಕೈಗೆ ಹೋಗುತ್ತದೆ. ಆದರೆ ಅಡವು ಹಿಡಿದವನ ಹಕ್ಕು ಹಾಗೆಯೇ ಉಳಿಯುತ್ತದೆ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಹೆಂಡತಿಯ ಹೆಸರಿಗೋ ಮಗನ ಹೆಸರಿಗೋ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿಯನ್ನು ನ್ಯಾಯಾಲಯವು ಮರಳಿ ಎಳೆದುಕೊಳ್ಳಬಹುದು. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬಿನವನ ಉಪಕರಣ, ರೈತನ ಎತ್ತು, ಬಿತ್ತನೆಯ ಬೀಜ, ಅವನು ವಾಸಿಸುವ ಮನೆ, ಇವುಗಳಿಗೆ ರಕ್ಷಣೆಯುಂಟು. ಅದೇ ಮನೆಯನ್ನು ಅಡವಿಟ್ಟಿದ್ದರೆ ಅಡವು ಹಿಡಿದವನೆದುರು ಈ ರಕ್ಷಣೆ ನಡೆಯದು.

ಕಂಪನಿಗಳ ಮಾತು ಬೇರೆ. ನಿಮ್ಮ ಅಂಗಡಿಯನ್ನು ಬಾಡಿಗೆಗೆ ಹಿಡಿದ ಕಂಪನಿಯ ದಿವಾಳಿ ಪ್ರಕ್ರಿಯೆ ಆರಂಭವಾದರೆ, ಅದು ನಡೆಯುವ ತನಕ ಕಂಪನಿಯನ್ನು ಹೊರಹಾಕಲಾಗದು. ಹಳೆಯ ಬಾಕಿಗೆ ಹಕ್ಕುಪತ್ರ ಸಲ್ಲಿಸಬೇಕು. ತಡೆಯ ಕಾಲದ ಬಾಡಿಗೆಯು ಪ್ರಕ್ರಿಯೆಯ ಖರ್ಚಿನಲ್ಲಿ ಸೇರುತ್ತದೆ. ಪುಣೆಯಲ್ಲಿ ದುಡಿಯುವ ನಮ್ಮ ಹುಡುಗರು ಕಟ್ಟಿ ಮುಗಿಯದ ಫ್ಲಾಟಿಗೆ ಹಣ ತುಂಬುತ್ತಾರಲ್ಲ, ಅವರಿಗೆ 2018ರ ತಿದ್ದುಪಡಿಯು ಬ್ಯಾಂಕುಗಳಂತೆಯೇ ಹಣಕಾಸು ಸಾಲದಾತರ ಸ್ಥಾನ ಕೊಟ್ಟಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ 2020ರ ತಿದ್ದುಪಡಿಯ ಬಳಿಕ ಒಬ್ಬನೇ ಅರ್ಜಿ ಹಾಕಲಾರ: ಅದೇ ಯೋಜನೆಯ 100 ಮಂದಿಯಾದರೂ, ಇಲ್ಲವೇ ನೂರಕ್ಕೆ ಹತ್ತರಷ್ಟಾದರೂ ಕೂಡಬೇಕು. ಆದಕಾರಣ ನೆರೆಹೊರೆಯ ಖರೀದಿದಾರರ ಪರಿಚಯವಿಟ್ಟುಕೊಳ್ಳುವುದು ಒಳ್ಳೆಯದು.

ಆ ತಾಯಿಯವರಂತೆ ಆತಂಕದಲ್ಲಿರುವವರಿಗೆ ಇನ್ನೊಂದು ಮಾತು. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಲು ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಅರ್ಜಿ ಹೋಗಬೇಕು. ಬಾಡಿಗೆದಾರನ ಹಕ್ಕನ್ನು ಅದು ಪರಿಶೀಲಿಸಬೇಕೆಂದು 2016ರಲ್ಲಿ ಸ್ಪಷ್ಟಪಡಿಸಲಾಗಿದೆ. ವಶಪಡಿಸಿಕೊಂಡ ಪ್ರಕಟಣೆಯು ಎರಡು ಪತ್ರಿಕೆಗಳಲ್ಲಿ ಬರುತ್ತದೆ, ಅವುಗಳಲ್ಲೊಂದು ಆ ಊರಿನ ಭಾಷೆಯದು. ನಮ್ಮ ಕಡೆ ಅದು ಮರಾಠಿ. ಸಾತಬಾರಾ ಉತಾರದ ‘ಇತರ ಹಕ್ಕು’ ಎಂಬ ಅಂಕಣದಲ್ಲಿ ಏರಿಸಿದ ಬೋಜಾ ಕೂಡ ಮರಾಠಿಯಲ್ಲಿಯೇ ಇರುತ್ತದೆ. ಮನೆಯಲ್ಲಿ ಕನ್ನಡ ಮಾತ್ರ ಬಲ್ಲ ಹಿರಿಯರು ನೋಟೀಸನ್ನು ಮಡಚಿ ದೇವರ ಗೂಡಿನಲ್ಲಿಡದೆ, ಮರಾಠಿ ಶಾಲೆಗೆ ಹೋಗುವ ಮಗುವಿನಿಂದ ಅಂದೇ ಓದಿಸಿ, ತಾರೀಖನ್ನು ಗುರುತು ಹಾಕಿಕೊಂಡು ವಕೀಲರ ಬಳಿ ಹೋಗತಕ್ಕದ್ದು.